ಒಂದನ್ನು ಮಾತ್ರ ನಿಲ್ಲಿಸುವುದು

ಅಹಮದಾಬಾದಿನ ನಮ್ಮ ಸಂಶೋಧನಾ ಸಂಸ್ಥೆಯಲ್ಲಿ ಮೋಡಗಳ ಲೆಕ್ಕ ಹಾಕಲು ಒಂದು ದೊಡ್ಡ ಲಿನಕ್ಸ್ ಯಂತ್ರವಿದೆ. ನಮ್ಮ ಗುಂಪಿನವರೆಲ್ಲ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟು ಅದರೊಳಗೆ ಹೋಗುತ್ತೇವೆ. ಇದು ಸರಿಯಲ್ಲ ಎಂದು ಎಲ್ಲರಿಗೂ ಗೊತ್ತು. ಸರಿಮಾಡುವ ಪುರುಸೊತ್ತು ಯಾರಿಗೂ ಇಲ್ಲ. ಸಾಲದ್ದಕ್ಕೆ, ನಾನು ಬರೆದ ಒಂದು ಪ್ರೋಗ್ರಾಮನ್ನು ಎಲ್ಲರೂ ನಕಲು ಮಾಡಿಕೊಂಡು ತಮಗೆ ಬೇಕಾದ ಹಾಗೆ ತಿದ್ದಿಕೊಂಡಿದ್ದಾರೆ, ಹೆಸರನ್ನು ಮಾತ್ರ ಬದಲಿಸಿಲ್ಲ. ಮೇಡಂ ಇಟ್ಟ ಹೆಸರನ್ನು ಬದಲಿಸುವುದು ಹೇಗೆ ಎನ್ನುತ್ತಾರೆ. ಒಳಗಿನ ಲೆಕ್ಕವನ್ನೆಲ್ಲ ಬುಡಮೇಲು ಮಾಡುವಾಗ ಇಲ್ಲದ ಮರ್ಯಾದೆ ಹೆಸರಿನ ಹತ್ತಿರ ಬಂದಾಗ ಎಲ್ಲಿಂದ ಬರುತ್ತದೋ ನಾ ಕಾಣೆ.

ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು ವಡೋದರಾದ ಮಂಜಲ್‌ಪುರದ ಹುಡುಗಿ. ಅಪ್ಪ ಅಮ್ಮ ಗದಗದ ಕಡೆಯವರು; ಇವಳು ಹುಟ್ಟಿ ಬೆಳೆದದ್ದೆಲ್ಲ ಗುಜರಾತಿನಲ್ಲೇ. ಕೆಲಸದಲ್ಲಿ ಚುರುಕು. ಆದರೆ ಯಾರು ಏನು ಕೇಳಿದರೂ ಹ್ಞೂಂ ಎನ್ನುವ ರೋಗ ಅವಳಿಗೆ. ಕುರ್ಚಿ ಕೇಳಿದರೆ ಕುರ್ಚಿ, ಸರದಿ ಕೇಳಿದರೆ ಸರದಿ ಬಿಟ್ಟುಕೊಡುತ್ತಿದ್ದಳು. ಆ ವಾರ ಅವಳ ಮೊದಲ ಸೆಮಿನಾರ್ ಇತ್ತು. ಅದಕ್ಕೆ ಬೇಕಾದ ಲೆಕ್ಕ ಹಲವು ದಿನಗಳಿಂದ ಯಂತ್ರದಲ್ಲಿ ಓಡುತ್ತಿತ್ತು. ನಡುವೆ ನಿಂತರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಅಂದರೆ ಸೆಮಿನಾರಿಗೆ ಬರಿಗೈ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಯಂತ್ರ ತೆವಳತೊಡಗಿತು. ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುವಷ್ಟರಲ್ಲಿ ಒಂದು ಗುಟುಕು ಮಜ್ಜಿಗೆ ಕುಡಿಯಬಹುದಿತ್ತು. ಬೆಳಿಗ್ಗೆ ಒಂದು ಸಾಲು ತಿದ್ದಿ ಬಿಟ್ಟಿದ್ದ ನನ್ನ ಪ್ರೋಗ್ರಾಂ ಮುಗಿಯುವ ಮಾತೇ ಇಲ್ಲದೆ ಮೆಮೊರಿ ನುಂಗುತ್ತಾ ಕೂತಿತ್ತು. ಮೆಮೊರಿ ಪೂರ್ತಿ ತುಂಬಿದರೆ ಲಿನಕ್ಸ್ ತಾನೇ ಯಾವುದಾದರೊಂದು ಪ್ರೋಗ್ರಾಮಿನ ಕತ್ತು ಹಿಸುಕುತ್ತದೆ, ಯಾರದ್ದೆಂದು ಹೇಳಲಾಗದು. ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿದೆ. "ರಿಸ್ಟಾರ್ಟ್ ಮಾರ್ ದೋ, ಬೆನ್," ಎಂದರು ಆ ಕಡೆಯವರು. ರಿಸ್ಟಾರ್ಟ್ ಮಾಡಿದರೆ ಎಲ್ಲರ ಲೆಕ್ಕವೂ ಒಟ್ಟಿಗೇ ಹೋಗುತ್ತದೆ; ನಾನು ಫೋನ್ ಕುಕ್ಕಿದೆ.

ಹೆಸರು ಕೊಟ್ಟು ಪ್ರೋಗ್ರಾಂ ನಿಲ್ಲಿಸುವ ಆಜ್ಞೆ ಇದೆ, ಆದರೆ ಅದು ಆ ಹೆಸರಿನ ಎಲ್ಲವನ್ನೂ ಒಟ್ಟಿಗೆ ಮಲಗಿಸುತ್ತದೆ. ಓಡುತ್ತಿರುವ ಪ್ರೋಗ್ರಾಮುಗಳನ್ನು ಪರದೆಗೆ ತರಿಸಿದೆ. ಮೇಲಿನಿಂದ ಕೆಳಗಿನವರೆಗೆ ಅದೇ ಹೆಸರು. ಓಡಿಸುತ್ತಿರುವವರು ಯಾರೆಂದು ತೋರಿಸುವ ಜಾಗದಲ್ಲೂ ನಮ್ಮೆಲ್ಲರಿಗೂ ಸೇರಿದ ಒಂದೇ ಹೆಸರು. ಪ್ರತಿಯೊಂದರ ಎದುರಿಗಿದ್ದ ನಂಬರ್ ಮಾತ್ರ ಬೇರೆ. ನಂಬರ್ ಕೊಟ್ಟರೆ ಅದೊಂದೇ ನಿಲ್ಲುತ್ತದೆ, ಆದರೆ ಯಾವ ನಂಬರ್ ಯಾರದ್ದು?

ಅಷ್ಟರಲ್ಲಿ ಆ ಹುಡುಗಿ ಟಿಫಿನ್ ಡಬ್ಬಿ ಹಿಡಿದು ಬಂದಳು. ವಿಷಯ ಹೇಳಿದೆ.

"ಮೇಡಂ, ನಂದು ಭೀ ಬಂದ್ ಮಾಡ್ರಿ. ಚಾಲ್ಶೆ, ನಡೀತದ."

"ಸೆಮಿನಾರಿಗೆ ಏನು ತೋರಸ್ತಿ?"

"ಹಳೇದು ಕುಛ್ ತೋರಸ್ತೀನಿ. ನಿಮಗ ತಕ್ಲೀಫ್ ಬ್ಯಾಡ."

ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಪ್ರೋಗ್ರಾಂ ಕೆಟ್ರ ನಿಂದ್ಯಾಕ ಬಂದ್ ಮಾಡಬೇಕು? ಯಾರರ ಕೇಳ್ಯಾರೇನ್ ನಿನ್ನ? ಕೂಡು ಇಲ್ಲೆ, ಸುಮ್ನ!" ಎಂದು ಗದರಿದೆ. ಸಿಟ್ಟು ಬಂದರಂತೂ ನನ್ನ ಬಾಯಿಗೆ ಅಪ್ಪಟ ಧಾರವಾಡ ಕನ್ನಡವೇ ಬರುತ್ತದೆ. ಅಕ್ಕಪಕ್ಕದ ಕೋಣೆಯವರಿಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು. ಎಲ್ಲರೂ ಇಣುಕಿ ನೋಡಿ ಒಳಗೆ ಹೋದರು.

ಒಂದೊಂದೇ ನಂಬರ್ ಹಿಡಿದು ಅದು ಯಾವ ಫೋಲ್ಡರಿನಲ್ಲಿ ಓಡುತ್ತಿದೆ ಎಂದು ಯಂತ್ರವನ್ನು ಕೇಳುತ್ತಾ ಹೋದೆ. ಫೋಲ್ಡರುಗಳನ್ನಾದರೂ ಬೇರೆ ಬೇರೆ ಇಟ್ಟುಕೊಂಡಿದ್ದೆವಲ್ಲ, ಪುಣ್ಯ. ಮೊದಲು ಸಿಕ್ಕಿದ್ದು ಅವಳದು. ತಪ್ಪಿಯೂ ಅದನ್ನು ಒತ್ತಬಾರದೆಂದು ಆ ನಂಬರನ್ನು ಅವಳಿಂದಲೇ ಗಟ್ಟಿಯಾಗಿ ಓದಿಸಿದೆ. ಕೊನೆಗೂ ನನ್ನದು ಸಿಕ್ಕಿತು. ನಿಲ್ಲಿಸುವ ಆಜ್ಞೆ 'ಕಿಲ್' ಎಂದು ಬರೆದು ಮುಂದೆ ಅದರ ನಂಬರ್ ಹಾಕಿದೆ. ಒಂದೊಂದು ಅಂಕಿಯನ್ನೂ ಇಬ್ಬರೂ ನೋಡಿದೆವು. ಇಷ್ಟು ವರ್ಷ ಇದೇ ಕೆಲಸ ಮಾಡಿದವಳು ಇನ್ನೊಮ್ಮೆ ನಂಬರ್ ಓದಿಯೇ ಎಂಟರ್ ಒತ್ತಿದೆ.

ಮತ್ತೆ ನೋಡಿದೆವು. ನನ್ನದು ಹೋಗಿತ್ತು. ಅವಳದು ಓಡುತ್ತಲೇ ಇತ್ತು. ಅವಳು ದೊಡ್ಡ ಉಸಿರು ಬಿಟ್ಟು ಡಬ್ಬಿ ತೆರೆದು ನನಗೊಂದು ಥೇಪ್ಲಾ ಕೊಟ್ಟಳು. ಮೆಂತ್ಯ ಸೊಪ್ಪು ಹಾಕಿದ್ದ ಮೆತ್ತನೆಯ ಗುಜರಾತಿ ಚಪಾತಿ. ಕೇಳದೆಯೇ ಇನ್ನೊಂದಕ್ಕೆ ಕೈ ಹಾಕಿದೆ.

ಸೆಮಿನಾರ್ ಚೆನ್ನಾಗಿಯೇ ಆಯಿತು. ಕೆಲವು ವಾರಗಳ ಮೇಲೆ ನನಗೊಂದು ಅವಸರದ ಕೆಲಸ ಬಂತು. ಯಂತ್ರದಲ್ಲಿ ಜಾಗವಿರಲಿಲ್ಲ, ಅವಳ ಹೊಸ ಲೆಕ್ಕ ಓಡುತ್ತಿತ್ತು. ಅವಳ ಮೇಜಿನ ಹತ್ತಿರ ಹೋಗಿ, "ನಿಂದನ್ನ ಈಗ ನಿಲ್ಲಸ್ತಿಯೇನವಾ? ನಂದು ಅರ್ಜೆಂಟ್ ಅದ," ಎಂದೆ.

ಅವಳ ಮುಖ ಕೆಂಪಾಯಿತು. ಪರದೆಯ ಕಡೆ ಒಮ್ಮೆ ನೋಡಿದಳು.

"ಇಲ್ಲ ಮೇಡಂ. ನಾಳೆ ಬೆಳಿಗ್ಗೆ ಖತಮ್ ಆಗ್ತದ. ಆಮ್ಯಾಲೆ ನೀವು ಹಾಕ್ರಿ."

ಹಿರಿಯಳಾದ ನನಗೇ ಇಲ್ಲ ಎನ್ನುತ್ತಾಳಲ್ಲ ಎಂದು ಒಂದು ಕ್ಷಣ ಚುರುಕ್ ಎಂದಿತು. ಮರುಕ್ಷಣ ಎಷ್ಟು ಖುಷಿಯಾಯಿತೆಂದರೆ, ನಗು ತಡೆಯಲಾಗದೆ ಬೇಗ ಬೇಗ ನನ್ನ ಕೋಣೆಗೆ ಬಂದುಬಿಟ್ಟೆ. ಅವಸರದ ಕೆಲಸ ಮರುದಿನ ಬೆಳಿಗ್ಗೆಯವರೆಗೆ ಕಾಯಿತು.