ಹುಲಿಗೆಪ್ಪ ಕಟ್ಟಿದ ಮೊಳದುದ್ದದ ಮಿಲಿಟರಿ ಗಾಡಿ

ಹುಲಿಗೆಪ್ಪನ ಕೊರಳಿಗೆ ಆ ಕೆಲಸ ಕಟ್ಟಿದವನು ನಾನೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಊರಿಗೆಲ್ಲ ಬುದ್ಧಿ ಹೇಳುವ ನಾನು, ಪೂರ್ತಿ ಕೇಳಿಸಿಕೊಳ್ಳದೆ ಹೂಂ ಎಂದುಬಿಟ್ಟಿದ್ದೆ.

ಮಾರ್ಕೆಟ್ ಯಾರ್ಡಿನ ಹಿಂದಿನ ರಸ್ತೆಯಲ್ಲಿ ನನ್ನದು ಲಾರಿಗಳಿಗೆ ಹೊದಿಸುವ ತಾಡಪತ್ರಿ ಹೊಲಿಯುವ ಅಂಗಡಿ. ಗೋಡೆಗೆ ಗೋಡೆ ಹಚ್ಚಿ ಹುಲಿಗೆಪ್ಪನ ಶೆಡ್ಡು. ಹೊಸ ಲಾರಿ ಕಂಪನಿಯಿಂದ ಬರೀ ಚಾಸಿಯಾಗಿ ಬರುತ್ತದೆ. ಅದರ ಮೇಲೆ ಕಟ್ಟಿಗೆ, ಕಬ್ಬಿಣ ಸೇರಿಸಿ ಬಾಡಿ ಕಟ್ಟುವುದು ಅವನ ಕಸುಬು. ಇಪ್ಪತ್ತನೇ ವಯಸ್ಸಿಗೆ ಇಂಡಿ ತಾಲೂಕಿನಿಂದ ಈ ಮರಾಠಿ ಊರಿಗೆ ಬಂದವನಿಗೆ ಈಗ ಐವತ್ತೆಂಟು. ಮಾತು ಕಡಿಮೆ, ಹಠ ಹೆಚ್ಚು. ನಾಲ್ಕು ಬೋಲ್ಟು ಸಾಕೆಂದರೆ ಐದು ಹಾಕುತ್ತಾನೆ, ಆಮೇಲೆ ಐದನೆಯದು ಸಡಿಲವಾಯಿತೇ ಎಂದು ಚಿಂತೆ ಮಾಡುತ್ತಾನೆ.

ನಮ್ಮ ಬೀದಿಯ ಗಣಪತಿಯ ಮುಂದೆ ಪ್ರತಿ ವರ್ಷ ಬೊಂಬೆ, ಬೆಳಕು, ಧ್ವನಿ ಸೇರಿಸಿ ಒಂದು ಕಥೆ ತೋರಿಸುತ್ತಾರೆ. ಇಲ್ಲಿ ಅದಕ್ಕೆ ದೇಖಾವೆ ಎನ್ನುತ್ತಾರೆ. ಈ ಸಲದ ಉಸ್ತುವಾರಿ ಸಾಯಲಿಯದು. ಕಾಲೇಜು ಮುಗಿಸಿದ ಹುಡುಗಿ, ಕನ್ನಡ ಬಾರದು, ಕಾಲಿಗೆ ಚಕ್ರ ಕಟ್ಟಿಕೊಂಡವಳು. ನನ್ನ ಅಂಗಡಿಗೆ ಬಂದು, ಹಿಮದ ಬೆಟ್ಟ, ಸೈನಿಕರ ಕಥೆ, ಮೊಳದುದ್ದದ ಒಂದು ಮಿಲಿಟರಿ ಗಾಡಿ ಬೇಕು ಎಂದು ಮರಾಠಿಯಲ್ಲಿ ಪಟಪಟ ಹೇಳಿದಳು. ನಾನು ಕಥೆಯ ಕೊನೆ ಏನೆಂದು ಕೇಳದೆ, ಹೂಂ ಎಂದು ನೇರ ಪಕ್ಕದ ಶೆಡ್ಡಿಗೆ ಕರೆದೊಯ್ದೆ.

ಹುಲಿಗೆಪ್ಪನ ಮುಖ ಅರಳಿತು. ಅವನ ಒಬ್ಬನೇ ಮಗ ಚೇತನ ಸೈನ್ಯದಲ್ಲಿ ಡ್ರೈವರ್, ಉತ್ತರದ ಬೆಟ್ಟಗಳ ಮೇಲಿನ ಠಾಣೆಗಳಿಗೆ ರೇಷನ್ ಒಯ್ಯುವವನು.

"ನಮ್ಮ ಚೇತನನ ಗಾಡೀನ ಮಾಡೂಣ ತಗೋರಿ," ಎಂದು ನನಗೆ ಹೇಳಿದ.

ಮಗ ಗಾಡಿಗೆ ಒರಗಿ ನಿಂತಿದ್ದ ಫೋಟೊ ಒಂದಿತ್ತು. ಅದನ್ನು ಗೋಡೆಗೆ ಅಂಟಿಸಿಕೊಂಡು ತಗಡು ಕತ್ತರಿಸಿದ, ಸಾಗವಾನಿಯ ಚಕ್ಕೆ ಸೀಳಿದ, ಹಳೆಯ ಹವಾಯಿ ಚಪ್ಪಲಿ ಕೊಯ್ದು ಟೈರು ಮಾಡಿದ. ನಾಲ್ಕೇ ದಿನಕ್ಕೆ ಗಾಡಿ ಎದ್ದು ನಿಂತಿತು. ನೋಡಿ ನನಗೆ ನಗು ತಡೆಯಲಿಲ್ಲ. ಬಾಡಿಯ ಹಲಗೆಗಳ ನಡುವೆ ಸಾಲಾಗಿ ಸಂದು ಬಿಟ್ಟಿದ್ದ! ಈರುಳ್ಳಿ ಲಾರಿಗೆ ಹಾಗೆ ಬಿಡುತ್ತಾರೆ, ಗಾಳಿಯಾಡದಿದ್ದರೆ ಮಾಲು ಕೊಳೆಯುತ್ತದೆ. ಮೂವತ್ತೆಂಟು ವರ್ಷದ ರೂಢಿ, ಕೈ ತಾನಾಗಿ ಬಿಟ್ಟಿತ್ತು.

"ಏ ಹುಲಿಗೆಪ್ಪ, ಇದರಾಗ ಸಿಪಾಯಿಗಳು ಹೋಗ್ತಾರೋ, ಉಳ್ಳಾಗಡ್ಡಿ ಹೋಗ್ತಾವೋ?"

ಅವನು ನಗಲಿಲ್ಲ. ಒಂದೊಂದೇ ಹಲಗೆ ಕಿತ್ತ.

"ಥಂಡಿ ಗಾಳಿ ಒಳಗ ಹೊಕ್ಕೊಂತದರಿ ಅಲ್ಲಿ," ಎಂದ. ಕಿತ್ತ ಹಲಗೆಗಳನ್ನು ಒಂದರ ಮೇಲೊಂದು ಇಡುತ್ತ, "ಹನ್ನೊಂದು ದಿನ ಆತ್ರಿ ಅಣ್ಣಾರ, ಹುಡುಗನ ಫೋನ್ ಇಲ್ಲ," ಎಂದ.

ನನ್ನ ಬಾಯಿಯ ನಗು ಬಾಯಿಯಲ್ಲೇ ಉಳಿಯಿತು. ಮೇಲೆ ಹೊರಟಿದ್ದೇವೆ, ನಾಲ್ಕು ದಿನ ಸಿಗ್ನಲ್ ಇರುವುದಿಲ್ಲ ಎಂದು ಹೇಳಿ ಹೋದವನಂತೆ. ನಾಲ್ಕು ಹೋಗಿ ಹನ್ನೊಂದಾಗಿತ್ತು.

ಅಲ್ಲಿಂದ ಮುಂದೆ ಆ ಗಾಡಿಗೆ ಮುಗಿಯುವ ಯೋಗವೇ ಇರಲಿಲ್ಲ. ಹಲಗೆಗೆ ಹಲಗೆ ಕೂಡಿಸಿದ. ನಾನು ಹೊಲಿದುಕೊಟ್ಟ ಪುಟ್ಟ ತಾಡಪತ್ರಿಯನ್ನು ಎರಡು ಸಲ ವಾಪಸು ತಂದು, ಹೊಲಿಗೆ ಒತ್ತಾಗಲಿ ಎಂದ. ಲಾರಿಗೆ ಹೊದಿಸುವ ತಾಡಪತ್ರಿಗೆ ಯಾರೂ ಇಷ್ಟು ಕಾಡಿಲ್ಲ. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಚಕ್ರಗಳಿಗೆ ಸಣ್ಣ ಸರಪಳಿ ಸುತ್ತಿದ, ಹಿಮದಲ್ಲಿ ಜಾರಬಾರದೆಂದು. ಹೆಬ್ಬೆರಳುದ್ದದ ಡ್ರೈವರನ್ನು ಕೆತ್ತಿ ಸೀಟಿಗೆ ದಾರದಿಂದ ಬಿಗಿದ. ಫೋನು ಯಾವಾಗಲೂ ಕೆಲಸದ ಹಲಗೆಯ ಮೇಲೆಯೇ ಇರುತ್ತಿತ್ತು. ಅದು ರಿಂಗಾದರೆ ಸಾಕು, ಸುತ್ತಿಗೆ ಎಸೆದು ಎತ್ತಿಕೊಳ್ಳುತ್ತಿದ್ದ. ಯಾವುದೋ ಕಂಪನಿಯ ಜಾಹೀರಾತು. ಮಧ್ಯಾಹ್ನ ಬುತ್ತಿ ತರುತ್ತಿದ್ದ ಅವನ ಹೆಂಡತಿ ಮಹಾನಂದಾ ಮೊದಲು ಫೋನನ್ನು ನೋಡಿ, ಆಮೇಲೆ ಗಂಡನ ಮುಖ ನೋಡಿ, ಡಬ್ಬಿ ಬಿಚ್ಚುತ್ತಿದ್ದಳು.

ಹಬ್ಬಕ್ಕೆ ಮೂರು ದಿನ ಇರುವಾಗ ಸಾಯಲಿ ನಮ್ಮಿಬ್ಬರನ್ನೂ ಮಂಟಪಕ್ಕೆ ಕರೆದು ಪೂರ್ತಿ ಕಥೆ ತೋರಿಸಿದಳು. ಹತ್ತಿಯ ಹಿಮ, ತಿರುವಿನ ರಸ್ತೆ. ರಸ್ತೆಯ ಒಂದು ಹಲಗೆಗೆ ಕೀಲು.

"ಬಿರುಗಾಳಿ ಏಳುತ್ತದೆ, ರಸ್ತೆ ಕುಸಿಯುತ್ತದೆ, ಗಾಡಿ ಕಣಿವೆಗೆ ಉರುಳುತ್ತದೆ. ನೋಡಿದವರು ಅಳಬೇಕು, ಕಾಕಾ!"

ನಾನು ಥಟ್ಟನೆ ಹುಲಿಗೆಪ್ಪನ ಕಡೆ ತಿರುಗಿದೆ. ಅವನು ಹಲಗೆಯನ್ನು ಒತ್ತಿ ನೋಡಿ, ಎಷ್ಟು ವಾಲುತ್ತದೆ ಎಂದಷ್ಟೇ ಕೇಳಿದ. ಅವಳು ಕೈ ಓರೆ ಮಾಡಿ ತೋರಿಸಿದಳು. ಅವನು ತಲೆಯಾಡಿಸಿದ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಮಣಿಕಟ್ಟು ಹಿಡಿದು ಹೊರಗೆಳೆದುಕೊಂಡು ಬಂದ.

"ಮಗನ ವಿಷಯ ಹೇಳಬ್ಯಾಡ್ರಿ. ಬಾಯಿಲೆ ಅಂದ್ರ ಖರೇ ಆಗ್ತದ."

ಆ ಮೂರು ದಿನ ಅವನು ಶೆಡ್ಡಿನ ಬಾಗಿಲು ಅರ್ಧ ಎಳೆದುಕೊಂಡೇ ಕೆಲಸ ಮಾಡಿದ. ಗಾಡಿಯನ್ನು ಮಂಟಪಕ್ಕೆ ಒಯ್ಯುವಾಗ ನಾನೊಂದು ಕಡೆ ಎತ್ತಿದೆ. ಕೈ ಜಗ್ಗಿತು, ಕಲ್ಲು ತುಂಬಿದ ಹಾಗೆ. ಮಾಲು ಎತ್ತರಕ್ಕೆ ಒಟ್ಟಿದ ಲಾರಿ ಘಾಟಿನಲ್ಲಿ ಮಗುಚುತ್ತದೆ, ಭಾರ ಕೆಳಗೆ ಕೂತರೆ ನಿಲ್ಲುತ್ತದೆ. ಇದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ನಾನು ಅವನ ಮುಖ ನೋಡಿದೆ, ಅವನು ಬೇರೆ ಕಡೆ ನೋಡಿದ.

ಮೊದಲ ಸಂಜೆ ಜನ ಕಿಕ್ಕಿರಿದಿದ್ದರು. ಗಾಳಿಯ ಸದ್ದು ಎದ್ದಿತು, ಹಲಗೆ ಕುಸಿಯಿತು. ಗಾಡಿ ವಾಲಿತು. ವಾಲಿದ್ದು ಹಾಗೆಯೇ ನಿಂತಿತು. ರೆಕಾರ್ಡಿನ ದನಿ ಮಾತ್ರ ಗಾಡಿ ಕಣಿವೆಗೆ ಉರುಳಿತೆಂದು ಬಿಕ್ಕಿ ಬಿಕ್ಕಿ ಹೇಳಿತು. ಜನ ಗೊಳ್ಳೆಂದು ನಕ್ಕರು. ಹುಲಿಗೆಪ್ಪ ಕೈ ಮುಗಿದು ನಿಂತಿದ್ದ, ಕಣ್ಣು ಗಣಪತಿಯ ಮೇಲಿರಲಿಲ್ಲ, ಚಕ್ರಗಳ ಮೇಲಿತ್ತು.

ಮರುದಿನ ಬೆಳಿಗ್ಗೆ ಸಾಯಲಿ ಕೆಂಡವಾಗಿ ಶೆಡ್ಡಿಗೆ ಬಂದಳು. ಗಾಡಿಯ ಅಡಿಯಲ್ಲಿ ಬೆಸುಗೆ ಹಾಕಿದ ಕಬ್ಬಿಣದ ಪಟ್ಟಿಗಳನ್ನು ಅವಳು ಕಂಡಿದ್ದಳು.

"ನನ್ನ ಮಾನ ಕಳೆಯಲೆಂದೇ ಮಾಡಿದಿರಾ, ಕಾಕಾ?"

ಹುಲಿಗೆಪ್ಪ ಸುತ್ತಿಗೆ ಕೆಳಗಿಟ್ಟ. ನನಗೆ ತಡೆಯಲಾಗಲಿಲ್ಲ. ಅವನ ಮಗ ಇಂಥದೇ ಗಾಡಿ ಓಡಿಸುತ್ತಾನೆ, ಹದಿನೆಂಟು ದಿನದಿಂದ ಸುದ್ದಿಯಿಲ್ಲ, ನೀನು ಬೀಳಿಸು ಎನ್ನುತ್ತೀ ಎಂದು ಮರಾಠಿಯಲ್ಲೇ ಗದರಿಬಿಟ್ಟೆ. ಅವಳು ಅಲ್ಲೇ ಹಲಗೆಯ ಮೇಲೆ ಕೂತಳು. ಗೋಡೆಯ ಫೋಟೊ ನೋಡಿದಳು. ಆ ಸಂಜೆಯಿಂದ ರೆಕಾರ್ಡು ಬದಲಾಯಿತು. ರಸ್ತೆ ಕುಸಿದರೂ ಗಾಡಿ ನಿಂತಿತು ಎಂದು ದನಿ ಹೇಳಿತು, ಜನ ಚಪ್ಪಾಳೆ ತಟ್ಟಿದರು. ಅವಳಿಗೆ ಹೇಳಿದ್ದಕ್ಕೆ ಹುಲಿಗೆಪ್ಪ ನನ್ನೊಡನೆ ಎರಡು ದಿನ ಮಾತು ಬಿಟ್ಟಿದ್ದ.

ಹಬ್ಬದ ಐದನೇ ದಿನ ಮಧ್ಯಾಹ್ನ, ಮಹಾನಂದಾ ಡಬ್ಬಿ ಬಿಚ್ಚುವಾಗ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹುಲಿಗೆಪ್ಪ ಅವಸರದಲ್ಲಿ ಎತ್ತುವಾಗ ಸ್ಪೀಕರ್ ಒತ್ತಿಹೋಯಿತು.

"ಅಪ್ಪಾ, ನಾನು ಚೇತನ. ಆರಾಮ ಅದೀನಿ. ಗಾಡಿ ಮಗಚಿತ್ತಪ್ಪಾ. ಫೋನ್ ಕಣಿವ್ಯಾಗ ಹೋತು. ಎಡಗೈ ಮುರದದ, ಅಷ್ಟ. ಮನಿಗೆ ತಿಳಸಬ್ಯಾಡ್ರಿ ಅಂತ ಸಾಹೇಬರಿಗೆ ನಾನ ಅಂದಿದ್ದೆ."

ಮಹಾನಂದಾ ಡಬ್ಬಿ ಕೆಳಗಿಟ್ಟು ಸೆರಗು ಬಾಯಿಗೊತ್ತಿಕೊಂಡಳು. ಹುಲಿಗೆಪ್ಪ ಕೇಳಿದ್ದು ಒಂದೇ.

"ಯಾವ ಕಡೆ ಮಗಚಿತು?"

"ಎಡಕ್ಕ. ನನ್ನ ಬಾಗಲಾ ಮ್ಯಾಲ ಬಂತು. ಅದನ್ನ ತಗದು ಹೊರಗ ಜಿಗದೆ."

ಫೋನಿಟ್ಟ ಮೇಲೆ ಅವನು ಹುಚ್ಚನ ಹಾಗೆ ಅತ್ತ. ಪಕ್ಕದ ಅಂಗಡಿಯವರು ಇಣುಕಿದರು, ನಾನು ಅವರನ್ನು ಗದರಿಸಿ ಅಟ್ಟಿದೆ. ಆಮೇಲೆ ಹುಲಿಗೆಪ್ಪ ಮುಖ ತೊಳೆದು, ಊಟ ಮಾಡದೆ ಮಂಟಪಕ್ಕೆ ಹೋಗಿ ಗಾಡಿ ತಂದ. ಅಡಿಯ ಪಟ್ಟಿಗಳನ್ನು ಒಂದೂ ಬಿಡದೆ ಕೊಯ್ದು ತೆಗೆದ. ಚಕ್ರದ ಸರಪಳಿ ಬಿಚ್ಚಿದ. ಡ್ರೈವರನ ಕಡೆಯ ಬಾಗಿಲಿಗೆ ಹೊಸ ಕೀಲು ಕೂಡಿಸಿ, ತೆರೆದು ಮುಚ್ಚಿ ಹತ್ತಾರು ಸಲ ನೋಡಿದ. ಸೀಟಿನ ದಾರ ಕತ್ತರಿಸಿ ಬೊಂಬೆಯನ್ನು ಹೊರತೆಗೆದು, ಅದರ ಎಡಗೈಗೆ ಬಿಳಿ ಬಟ್ಟೆಯ ಚೂರು ಕಟ್ಟಿದ. ಫೋನಿನ ಸುದ್ದಿಯನ್ನು ನಾನು ಸಾಯಲಿಗೆ ಹೇಳಿದೆ, ಅವಳು ಬೆಳಕು, ರೆಕಾರ್ಡು ಎರಡನ್ನೂ ಅದಕ್ಕೆ ಹೊಂದಿಸಿಕೊಂಡಳು.

ಆ ಸಂಜೆ ಮಹಾನಂದಾಳೂ ಬಂದಿದ್ದಳು, ಈ ಹಬ್ಬದಲ್ಲಿ ಮೊದಲ ಸಲ. ರಸ್ತೆ ಕುಸಿಯಿತು. ಗಾಡಿ ಎಡಕ್ಕೆ ಧೊಪ್ಪೆಂದು ಮಗುಚಿತು, ಮೇಲಾದ ಬಾಗಿಲು ತೆರೆದುಕೊಂಡಿತು. ಜನ ಅಯ್ಯೋ ಎಂದರು. ಬೆಳಕು ನಿಧಾನ ಪಕ್ಕಕ್ಕೆ ಸರಿಯಿತು. ಅಲ್ಲಿ ಹತ್ತಿಯ ಹಿಮದಲ್ಲಿ, ಎಡಗೈಗೆ ಬಟ್ಟೆ ಕಟ್ಟಿಕೊಂಡ ಹೆಬ್ಬೆರಳುದ್ದದ ಹುಡುಗ ನಿಂತಿದ್ದ.

ಸಾಯಲಿ ಕಣ್ಣೊರೆಸಿಕೊಳ್ಳುತ್ತ ಹುಲಿಗೆಪ್ಪನ ಹತ್ತಿರ ಬಂದಳು.

"ನಾಳೆನೂ ಗಾಡಿ ಬೀಳಸವ್ವಾ," ಎಂದ ಅವನು. ಅವಳಿಗೆ ಕನ್ನಡ ಬಾರದೆಂಬುದೇ ಅವನಿಗೆ ಮರೆತಿತ್ತು.