ಕಲಾಯಿ ಹಾಕಿಸಿಕೊಂಡ ಟ್ರಂಪೆಟ್

ಬೆಳಿಗ್ಗೆ ಹೆಂಡತಿ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಚೆಂಬು ತಿಕ್ಕುತ್ತಿದ್ದಳು. ಅದರ ಜೊತೆಗೇ ನನ್ನ ಟ್ರಂಪೆಟ್ಟಿನ ಮೌತ್‌ಪೀಸನ್ನೂ ತಿಕ್ಕಿ ಕೈಗಿಟ್ಟಳು. ನಿಕ್ಕಲ್ ಪಾಲಿಶ್ ಸವೆದು ತುಟಿಗಿಡುವ ಅಂಚಿನಲ್ಲಿ ಬರೀ ಹಿತ್ತಾಳೆ ಉಳಿದಿದೆ. ತುಟಿಯಲ್ಲಿ ಗುಳ್ಳೆ ಎದ್ದಿವೆ. ಹೊಸದು ಬೆಳ್ಳಿ ಪಾಲಿಶಿನದು ತರಿಸಲೋ, ಪ್ಲಾಸ್ಟಿಕ್ಕಿನದೋ ಎಂದು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ. ಇಂಥ ಚಿಂತೆ ಊರಲ್ಲಿ ಎಷ್ಟು ಜನಕ್ಕಿರುತ್ತದೆ, ನೀವೇ ಹೇಳಿ.

ಮಾರುತಿ ಕಾಕಾನಿಗಿತ್ತು. ಬಸವಕಲ್ಯಾಣದ ನಮ್ಮ ಮದುವೆ ಬ್ಯಾಂಡಿನ ಮಾಸ್ತರ ಆತ. ನನಗೆ ಊದಲು ಕಲಿಸಿದವನೂ ಆತನೇ. ಹಿತ್ತಾಳೆ ಆತನ ತುಟಿಗೆ ಆಗಿಬರುತ್ತಿರಲಿಲ್ಲ. ಹುಮನಾಬಾದಿನ ಲೇತ್ ಅಂಗಡಿಯಲ್ಲಿ ಸ್ಟೀಲಿನದು ಮಾಡಿಸಿದ. ಅದು ಭಾರವಾಯಿತೆಂದು ಬಿಟ್ಟ. ನಾನು ಹೈದರಾಬಾದಿನಿಂದ ಬಿಳಿ ಪ್ಲಾಸ್ಟಿಕ್ಕಿನದು ತಂದುಕೊಟ್ಟರೆ ಮುಟ್ಟಲೂ ಇಲ್ಲ.

"ಇದು ಸಣ್ಣ ಹುಡುಗ್ರು ಊದೋ ಪೀಪಿ ಅದ. ಹಿತ್ತಾಳಿ ಬಾಜಾಕ್ಕ ಹಿತ್ತಾಳಿನೇ ಬೇಕು."

ಅಷ್ಟರಲ್ಲಿ ಆತನ ಒಬ್ಬಳೇ ಮಗಳು ಸುನೀತಾಳ ಮದುವೆ ಗೊತ್ತಾಯಿತು. ವರ ಹುಮನಾಬಾದಿನವನು. ವರನ ಬರಾತ್ ಮೆರವಣಿಗೆ ಬಂದಾಗ ಹೆಣ್ಣಿನ ತಂದೆ ಮಂಟಪದ ಬಾಗಿಲಲ್ಲಿ ನಿಂತು ಬೀಗರನ್ನು ಎದುರುಗೊಳ್ಳಬೇಕು. ಕಾಕಾ ಕೇಳಲಿಲ್ಲ. "ಬಾಗಿಲದಾಗ ನನ್ನ ತಮ್ಮ ನಿಂದ್ರತಾನ. ಮಗಳ ಬರಾತ್ ನಾನೇ ಊದಾಂವ," ಎಂದ. ತುಟಿ ನೋಡಿದರೆ ಬಾತಿತ್ತು.

ಮದುವೆಯ ಹಿಂದಿನ ದಿನ ಆತ ಖುಷಿಯಿಂದ ಬಂದ. ಹಳೆಯ ಹಿತ್ತಾಳೆ ಮೌತ್‌ಪೀಸ್ ಬೆಳ್ಳಗೆ ಹೊಳೆಯುತ್ತಿತ್ತು. ಕಲಾಯಿ ಹಾಕಿಸಿದ್ದ!

"ಹಿತ್ತಾಳಿ ಪಾತ್ರ್ಯಾಗ ಸಾರು ಕೆಡಬಾರದಂತ ಕಲಾಯಿ ಹಾಕಸ್ತಾರ ಇಲ್ಲೋ? ತುಟಿಗೂ ಅದೇ ಕಾಯ್ದಾ. ಯಾಕ, ನಗಾಕತ್ತಿ?"

ನಾನು ನಗಲಿಲ್ಲ. ನನಗೂ ಅದು ಭಾರೀ ಬುದ್ಧಿವಂತಿಕೆ ಎನಿಸಿತ್ತು. ಊದಿ ನೋಡೋಣವೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮರುದಿನ ವರ ಕುದುರೆ ಏರಿದ, ಕಾಕಾ ಊದಿದ. ನೆಗಡಿಯಾದ ಎಮ್ಮೆಯ ದನಿ ಬಂತು. ಕರಗಿದ ತವರ ಒಳಗಿನ ತೂತಿಗೂ ಇಳಿದು ಅರ್ಧ ಮುಚ್ಚಿಬಿಟ್ಟಿತ್ತು. ಬೀಗರು ನಕ್ಕರು. ಕಾಕಾ ಎರಡು ಹಾಡು ಹಾಗೇ ಎಳೆದ. ಆತನ ಮುಖ ನೋಡಲಾಗದೆ ನನಗೆ ಅಳು ಬಂತು. ಜೇಬಿನಲ್ಲಿದ್ದ ಪ್ಲಾಸ್ಟಿಕ್ಕಿನದು ಮುಂದೆ ಹಿಡಿದೆ. ಆತ ನನ್ನ ಕಡೆ ನೋಡದೆ ತೆಗೆದುಕೊಂಡ, ಸಿಕ್ಕಿಸಿದ, ಊದಿದ. ಕುದುರೆ ಮಂಟಪ ಮುಟ್ಟುವವರೆಗೆ ನಿಲ್ಲಿಸಲೇ ಇಲ್ಲ.

ಅಕ್ಷತೆ ಬಿದ್ದ ಮೇಲೆ ಸುನೀತಾ ಅಪ್ಪನ ಕೈ ಹಿಡಿದುಕೊಂಡಳು.

"ಮೊದಲ ಯಾರೋ ಖರಾಬ್ ಊದಾಕತ್ತಿದ್ರು, ನನಗ ಜೀವನೇ ಹೋತು. ಆಮ್ಯಾಲ ನೀ ಶುರು ಮಾಡ್ದಿ. ಒಳಗ ಕುಂತಲ್ಲೇ ಗುರುತ ಹಿಡದೆ ಅಪ್ಪಾ. ಮೊದಲ ಊದ್ದಾಂವ ಯಾರು?"

"ಇಂವ," ಎಂದು ಕಾಕಾ ನನ್ನನ್ನು ತೋರಿಸಿದ. ನಾನು ತಲೆ ತಗ್ಗಿಸಿ ನಿಂತೆ. ಗುರುವಿಗಾಗಿ ಅಷ್ಟೂ ಮಾಡದಿದ್ದರೆ ಹೇಗೆ?

ಆ ಪ್ಲಾಸ್ಟಿಕ್ ನನಗೆ ವಾಪಸ್ ಬರಲಿಲ್ಲ. ಸಾಯುವವರೆಗೂ ಆತ ಅದರಲ್ಲೇ ಊದಿದ.

ಹೆಂಡತಿ ಕೈಗಿಟ್ಟ ಮೌತ್‌ಪೀಸನ್ನು ಬದಿಗಿಟ್ಟು ಹೈದರಾಬಾದಿನ ಅಂಗಡಿಗೆ ಫೋನ್ ಮಾಡಿದೆ. ಪ್ಲಾಸ್ಟಿಕ್ಕಿನದೇ, ಬಿಳಿಯದು. ಮುಂದಿನ ವಾರ ಹುಮನಾಬಾದಿನಲ್ಲಿ ಮದುವೆಯಿದೆ; ಬರಾತ್ ಸುನೀತಾಳ ಮನೆಯ ಮುಂದೆಯೇ ಹಾಯುತ್ತದೆ. ಬೆಳ್ಳಿಯೋ ಪ್ಲಾಸ್ಟಿಕ್ಕೋ ಎಂಬ ಚಿಂತೆ ಈಗಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿರುವ ಸುನೀತಾ ಒಂದು ಗಳಿಗೆ ಕೈ ನಿಲ್ಲಿಸಿ, ಅಪ್ಪ ಎಂದುಕೊಳ್ಳುವ ಹಾಗೆ ಊದಲು ನನಗೆ ಬರುತ್ತದೋ ಇಲ್ಲವೋ, ಅದೊಂದೇ ಚಿಂತೆ.