ನಲವತ್ತು ಸೆಕೆಂಡಿನ ಹಿಂದೆ ಮೂರು ತಾಸು

ಬೆಳಗಿನ ಐದೂವರೆ. ಕಂಪ್ಲಿ ಬಸ್ ನಿಲ್ದಾಣದ ಪಕ್ಕದ ಗಾಡಿಯಲ್ಲಿ ಎಲ್ಲಮ್ಮ ನೆನೆದ ಮಂಡಕ್ಕಿಯನ್ನು ಎರಡೂ ಅಂಗೈಯಲ್ಲಿ ಹಿಂಡಿ ಬಾಣಲೆಗೆ ಹಾಕುತ್ತಾರೆ. ಆ ಕೈಗಳಿಂದ ಒಂದು ಗೇಣು ದೂರದಲ್ಲಿ, ವಿಡಿಯೊ ತೆಗೆಯುತ್ತಿರುವ ತ್ರಿವೇಣಿಯ ಫೋನು. ಹೊಗೆಗೆ ಅವಳ ಕಣ್ಣಲ್ಲಿ ನೀರು, ಕೈ ಮಾತ್ರ ಅಲುಗುವುದಿಲ್ಲ.

"ಇನ್ನೊಂದು ಸಲ ಹಿಂಡ್ರಿ ಅಕ್ಕಾ, ಸ್ವಲ್ಪ ನಿಧಾನಕ್ಕ."

"ನಿಧಾನ ಮಾಡಿದ್ರ ಗಿರಾಕಿಗಳು ನನ್ನ ಹಿಂಡ್ತಾರವ್ವ!"

ಬೆಂಚಿನ ಮೇಲೆ ತಾಯಪ್ಪ ಕುಳಿತಿದ್ದಾರೆ. ದೋಣಿಮಲೈ ಗಣಿಯ ಸ್ಟಾಫ್ ಬಸ್ ಓಡಿಸಿ ನಿವೃತ್ತರಾದವರು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಅವರ ಮನೆಯ ಮೇಲೊಂದು ಕೋಣೆ ಖಾಲಿ ಇದೆ. ತ್ರಿವೇಣಿಗೆ ಅದು ಬೇಕೇ ಬೇಕು. ಅಣ್ಣನ ಎರಡು ಕೋಣೆಯ ಮನೆಯಲ್ಲಿ ವಿಡಿಯೊಗಳಿಗೆ ದನಿ ರೆಕಾರ್ಡ್ ಮಾಡಲು ಕುಳಿತರೆ ಕುಕ್ಕರ್ ಕೂಗುತ್ತದೆ, ಮಕ್ಕಳು ಕೂಗುತ್ತಾರೆ. ಈಗಾಗಲೇ ಇಬ್ಬರು ಮನೆ ಮಾಲೀಕರು "ಅದೆಂಥಾ ಕೆಲಸ?" ಎಂದು ಬಾಗಿಲು ಮುಚ್ಚಿದ್ದಾರೆ. ತಾಯಪ್ಪ ಮಾತ್ರ, "ಒಂದಿನ ನೋಡ್ತೀನಿ, ಆಮ್ಯಾಲೆ ಹೇಳ್ತೀನಿ" ಎಂದು ಬಂದಿದ್ದಾರೆ.

ತಿಂಡಿ ಗಾಡಿಗಳ ವಿಡಿಯೊ ಮಾಡಿ ಇಂಟರ್ನೆಟ್ಟಿಗೆ ಹಾಕುವ ಇಪ್ಪತ್ತೊಂಬತ್ತರ ತ್ರಿವೇಣಿಯ ಅಪ್ಪನಿಗೆ ಅಕ್ಕಿ ಅಂಗಡಿ. ಬಂದವರು ಕೇಳಿದರೆ "ಮಗಳು ಕಂಪ್ಯೂಟರ್ ಕೆಲಸ ಮಾಡ್ತಾಳ" ಎಂದು ಮಾತು ಮುಗಿಸುತ್ತಾರೆ. ಹೊಟ್ಟೆಪಾಡು ಹೊಸಪೇಟೆಯ ಬಟ್ಟೆ ಅಂಗಡಿ, ಲಾಡ್ಜುಗಳ ವಿಡಿಯೊದಿಂದ. ಗಾಡಿಯವರ ಹತ್ತಿರ ಆಕೆ ಏನೂ ತೆಗೆದುಕೊಳ್ಳುವುದಿಲ್ಲ. ಒಂದು ಪ್ಲೇಟ್ ಪೂರ್ತಿ ತಿಂದು, ದುಡ್ಡು ಕೊಟ್ಟ ಮೇಲೆಯೇ ಫೋನ್ ತೆಗೆಯುತ್ತಾಳೆ.

ಮೂರು ತಾಸಿನಲ್ಲಿ ಅರವತ್ತೆರಡು ತುಣುಕು ತೆಗೆದದ್ದನ್ನು, ಇದನ್ನು ಬರೆಯಲೆಂದು ಜೊತೆಗೆ ಬಂದಿದ್ದ ನಾನು ಎಣಿಸಿದೆ. ಉಳಿಯುವುದು ಹನ್ನೊಂದು. ಸೇರಿಸಿದರೆ ನಲವತ್ತು ಸೆಕೆಂಡು! ಬೆರಳಿನಿಂದ ತಳ್ಳಿ ನಾವು ಮುಂದೆ ಹೋಗುವ ಚಿತ್ರದಲ್ಲಿ ಇಷ್ಟು ಬೆವರಿದೆಯೆಂದು ನನಗೆ ಗೊತ್ತಿರಲಿಲ್ಲ.

ಕೊನೆಗೆ ಆಕೆ ಕೇಳುತ್ತಾಳೆ, "ಅಕ್ಕಾ, ಇವತ್ತು ಎಷ್ಟು ಪ್ಲೇಟ್ ಆಗ್ತಾವ?"

"ಎಂಬತ್ತು. ಯಾಕವ್ವ?"

"ವಿಡಿಯೊದಾಗ ದಿನಕ್ಕ ಮೂವತ್ತೇ ಅಂತ ಹಾಕ್ತೀನಿ. ಉಳಿದದ್ದು ದಿನಾ ಬರೋರಿಗೆ ಇರ್ಲಿ."

"ಇದೇನ್ ಲೆಕ್ಕ?" ತಾಯಪ್ಪ ಕೇಳುತ್ತಾರೆ. ತ್ರಿವೇಣಿ ಫೋನ್ ಕೆಳಗಿಡುತ್ತಾಳೆ. ಹೇಳದಿದ್ದರೂ ನಡೆಯುತ್ತಿತ್ತು.

"ಹೋದ ವರ್ಷ ಸಂಡೂರಿನ ಒಂದು ಗಾಡಿ ವಿಡಿಯೊ ಹಾಕಿದ್ನಿರಿ. ಮರುದಿನ ಬೈಕ್‌ನಾಗ ಜನವೋ ಜನ. ತಿಂಡಿ ಎಲ್ಲಾ ಖಾಲಿ ಆಗಿ, ನಿಮ್ಮ ಗಣಿ ಬಸ್ಸಿಗೆ ಕಾಯೋರು ಹಸ್ಕೊಂಡ ಡ್ಯೂಟಿಗೆ ಹೋದ್ರು."

"ಆಕಿ ನೀನೇನ? ನಮ್ಮೋರು ಎಷ್ಟು ಬೈದ್ರು ಗೊತ್ತೇನ?"

"ಗೊತ್ತ್ರಿ. ಅದರ ಮರುದಿನ ಬಸ್ ನಿಲ್ಲೋ ಕಡೆ ಹೋಗಿ ನಿಂತು ಎಲ್ಲಾ ಬೈಗುಳ ಕೇಳ್ಕೊಂಡು ಬಂದೆ. ಆ ವಿಡಿಯೊ ಅಳಿಸಿಬಿಟ್ಟೆ. ಅವತ್ತಿಂದ ಎಷ್ಟು ಪ್ಲೇಟ್ ಅಂತ ಕೇಳ್ಲಾರ್ದ ವಿಡಿಯೊ ಹಾಕಂಗಿಲ್ಲ."

ತಾಯಪ್ಪ ಬೆಂಚಿನಿಂದ ಏಳುತ್ತಾರೆ. ಕೋಣೆ ಕೈತಪ್ಪಿತೆಂದು ತ್ರಿವೇಣಿ ಚೀಲ ಹೆಗಲಿಗೇರಿಸುತ್ತಾಳೆ. ಅಷ್ಟರಲ್ಲಿ ಅವರು ಜೇಬಿನಿಂದ ಫೋನ್ ತೆಗೆದು ಹೆಂಡತಿಗೆ ಹಚ್ಚುತ್ತಾರೆ.

"ಏ, ಮ್ಯಾಲಿನ ರೂಮ್ ಕಸ ಹೊಡಸು. ಹ್ಞೂಂ, ಆ ಹುಡುಗೀಗೇ. ಏನ್ ಕೆಲಸ ಅಂದ್ರ..." ಬಾಣಲೆ ನೋಡುತ್ತಾರೆ, ಹುಡುಗಿಯ ಮಸಿ ಹತ್ತಿದ ಮೊಣಕಾಲು ನೋಡುತ್ತಾರೆ. "ಬಾಯಾಗ ಹೇಳಾಕ ಬರಂಗಿಲ್ಲ. ಒಂದಿನ ಜಲ್ದಿ ಎದ್ದು ನೀನೂ ಬಂದು ನೋಡು."